ಪ್ರೋಗ್ರಾಂ ಕಟ್ಟುವ ಸಾಧನಕ್ಕೆ ಯಾವ ಭಾಷೆ?

ನಿಮ್ಮ ಬೀದಿಯಲ್ಲಿ ಹನ್ನೆರಡನೇ ತರಗತಿಗೆ ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡ ಅಕ್ಕನೋ ಅಣ್ಣನೋ ಇದ್ದರೆ ಅವರ ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ತಮಿಳುನಾಡು ಪಠ್ಯಕ್ರಮದಲ್ಲಿ ಈಚಿನ ವರ್ಷಗಳಲ್ಲಿ 11ನೇ ತರಗತಿಗೆ ಸಿ++, 12ನೇ ತರಗತಿಗೆ ಪೈಥಾನ್ ಇಟ್ಟಿದ್ದಾರೆ. ಆ ಪೈಥಾನ್ ಪುಸ್ತಕದ ಕೊನೆಯ ಭಾಗದಲ್ಲಿ ಒಂದು ವಿಚಿತ್ರ ಪಾಠ ಇದೆ. ಹಿಂದಿನ ವರ್ಷ ಕಲಿತ ಸಿ++ ಪ್ರೋಗ್ರಾಂ ಅನ್ನು ಪೈಥಾನ್ ಕೈಯಲ್ಲಿ ಕಟ್ಟಿಸಿ ಓಡಿಸುವ ಪಾಠ ಅದು. ಪೈಥಾನ್ ಏನು ಮಾಡುತ್ತೆ? ನೀವು ಕೊಟ್ಟ ಫೈಲಿನ ಹೆಸರನ್ನು ತೆಗೆದುಕೊಳ್ಳುತ್ತೆ, ಸಿ++ ಕಂಪೈಲರನ್ನು ಕೂಗಿ ಕರೆಯುತ್ತೆ, ಕಂಪೈಲರ್ ಕೆಲಸ ಮುಗಿಸಿದ ಮೇಲೆ ಹುಟ್ಟಿದ ಪ್ರೋಗ್ರಾಂ ಅನ್ನು ಓಡಿಸುತ್ತೆ. ಅಷ್ಟೇ.

ಇದನ್ನು ಓದಿದವರು ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅಂತ ಉರು ಹೊಡೆದು ಮುಂದೆ ಹೋಗ್ತಾರೆ. ಆದರೆ ಒಂದು ಪ್ರಶ್ನೆ ಕೇಳಬೇಕಾಗಿತ್ತು. ಕಟ್ಟಿಸಿಕೊಳ್ಳುವ ಪ್ರೋಗ್ರಾಂ ಸಿ++ನಲ್ಲಿದೆ; ಕಟ್ಟಿಸುವ ಮೇಸ್ತ್ರಿಗೆ ಮಾತ್ರ ಬೇರೆ ಭಾಷೆ ಯಾಕೆ? ಪೈಥಾನೇ ಯಾಕೆ? ಇನ್ನೊಂದು ಭಾಷೆ ಯಾಕಾಗಬಾರದು? ಈ ಪ್ರಶ್ನೆ ಇಟ್ಟುಕೊಂಡು ಐವತ್ತು ವರ್ಷದಿಂದ ದೊಡ್ಡ ದೊಡ್ಡ ಎಂಜಿನಿಯರುಗಳು ಜಗಳ ಆಡಿದ್ದಾರೆ. ಒಂದೆರಡು ಜಗಳಗಳ ಫಲ ನಿಮ್ಮ ಮನೆಯ ಫೋನಿನ ಒಳಗೇ ಕೂತಿದೆ.

ಮೊದಲು ‘ಕಟ್ಟುವುದು’ ಅಂದ್ರೆ ಏನು ಅನ್ನೋದನ್ನು ಸರಿಮಾಡಿಕೊಳ್ಳೋಣ. ನಾವು ಬರೆಯುವ ಪ್ರೋಗ್ರಾಂ ಮನುಷ್ಯರು ಓದುವ ಅಕ್ಷರ. ಕಂಪ್ಯೂಟರಿನ ಪ್ರೊಸೆಸರಿಗೆ ಅದು ಅರ್ಥ ಆಗಲ್ಲ. ಕಂಪೈಲರ್ ಅದನ್ನು ಯಂತ್ರದ ಸಂಕೇತಕ್ಕೆ ಬದಲಾಯಿಸುತ್ತೆ. ಒಂದೇ ಫೈಲು ಇದ್ದರೆ ಒಂದು ಸಾಲಿನ ಆಜ್ಞೆ ಸಾಕು. ಆದರೆ ಲಿನಕ್ಸ್ ಕರ್ನೆಲ್ ಅನ್ನುವ ತಂತ್ರಾಂಶದಲ್ಲಿ (ಆಂಡ್ರಾಯ್ಡ್ ಫೋನುಗಳ ಅಡಿಪಾಯ ಅದೇ) ಹತ್ತಾರು ಸಾವಿರ ಫೈಲುಗಳಿವೆ. ಯಾವುದನ್ನು ಮೊದಲು ಕಟ್ಟಬೇಕು, ಯಾವುದನ್ನು ಆಮೇಲೆ, ಒಂದು ಫೈಲು ತಿದ್ದಿದರೆ ಎಷ್ಟನ್ನು ಮತ್ತೆ ಕಟ್ಟಬೇಕು ಎಂದು ಕೈಯಲ್ಲಿ ಲೆಕ್ಕ ಇಡೋಕೆ ಆಗುತ್ತಾ?

ಮನೆಯ ಉಪ್ಸಾರನ್ನೇ ನೋಡಿ. ಕಾಳು ಬೇಯಬೇಕು, ಬೆಂದ ಮೇಲೆ ಕಟ್ಟು ಬಸಿಯಬೇಕು, ಈ ಕಡೆ ಖಾರ ಅರೆಯಬೇಕು, ಮುದ್ದೆ ಬೇರೆ ಒಲೆಯಲ್ಲಿ ಆಗ್ತಿರುತ್ತೆ. ಖಾರಕ್ಕೆ ಉಪ್ಪು ಸಾಲದು ಅಂತ ಗೊತ್ತಾದರೆ ಅಮ್ಮ ಏನು ಮಾಡ್ತಾರೆ? ಖಾರವನ್ನಷ್ಟೇ ಸರಿಮಾಡ್ತಾರೆ. ಕಾಳನ್ನು ಮತ್ತೆ ಬೇಯಿಸಲ್ಲ, ಮುದ್ದೆಯನ್ನಂತೂ ಮುಟ್ಟಲ್ಲ. ಯಾವುದಕ್ಕೆ ಯಾವುದು ಬೇಕು ಅನ್ನುವ ಸಂಬಂಧ ಅವರ ತಲೆಯಲ್ಲಿದೆ.

ಆ ಸಂಬಂಧವನ್ನು ಕಾಗದದ ಮೇಲೆ ಬರೆದು ಯಂತ್ರಕ್ಕೆ ಕೊಟ್ಟವರು ಸ್ಟುವರ್ಟ್ ಫೆಲ್ಡ್‌ಮನ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಅವರು ‘ಮೇಕ್’ ಎಂಬ ಸಾಧನ ಮಾಡಿದರು. ‘ಇದು ಆಗಬೇಕಾದರೆ ಅದೂ ಅದೂ ಬೇಕು, ಮಾಡುವ ವಿಧಾನ ಇದು’ ಎಂದು ಸಾಲು ಸಾಲಾಗಿ ಬರೆದಿಟ್ಟರೆ ಮೇಕ್ ಫೈಲುಗಳ ಸಮಯವನ್ನು ಹೋಲಿಸುತ್ತೆ. ಬೇಕಾದ ಸಾಮಗ್ರಿ ತಯಾರಾದ ವಸ್ತುವಿಗಿಂತ ಹೊಸದಾಗಿದ್ದರೆ ಆ ವಸ್ತುವನ್ನು ಮತ್ತೆ ಕಟ್ಟುತ್ತೆ, ಇಲ್ಲದಿದ್ದರೆ ಸುಮ್ಮನಿರುತ್ತೆ. (ಬ್ಯಾಟರಿ ಸತ್ತ ಹಳೇ ಕಂಪ್ಯೂಟರಿನಲ್ಲಿ ತಾರೀಖು ಹಿಂದೆ ಓಡಿರುತ್ತಲ್ಲ, ಅಲ್ಲಿ ಮೇಕ್ ಮಂಕಾಗುತ್ತೆ. ನೀವು ಈಗಷ್ಟೇ ತಿದ್ದಿದ ಫೈಲನ್ನು ಹಳೆಯದು ಅಂದುಕೊಂಡು ಮಾಡೋಕೆ ಏನೂ ಇಲ್ಲ ಅನ್ನುತ್ತೆ. ಲ್ಯಾಬಿನಲ್ಲಿ ಹೀಗಾದರೆ ಮೊದಲು ಗಡಿಯಾರ ನೋಡಿ.)

ಮೇಕ್‌ಗೆ ಫೆಲ್ಡ್‌ಮನ್ ಒಂದು ಪುಟ್ಟ ಭಾಷೆಯನ್ನೇ ಹೊಸದಾಗಿ ಮಾಡಿದರು. ಅದರಲ್ಲಿ ಒಂದು ಕಾಟ ಉಳಿದುಹೋಯಿತು. ವಿಧಾನದ ಸಾಲು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಎಂಟು ಸಲ ಸ್ಪೇಸ್ ಒತ್ತಿದರೆ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಮೇಕ್ ಮಾತ್ರ ತಪ್ಪು ಅನ್ನುತ್ತೆ. ಇದು ಸರಿಯಿಲ್ಲ ಎಂದು ಫೆಲ್ಡ್‌ಮನ್‌ರಿಗೆ ಬೇಗನೇ ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಸುಮಾರು ಒಂದು ಡಜನ್ ಜನ ಅದನ್ನು ಬಳಸೋಕೆ ಶುರುಮಾಡಿದ್ದರು, ಅವರ ಫೈಲುಗಳು ಕೆಡುತ್ತವಲ್ಲ ಅಂತ ಬದಲಾಯಿಸಲಿಲ್ಲ. ಆ ಹನ್ನೆರಡು ಜನರ ಅನುಕೂಲಕ್ಕಾಗಿ ಆಮೇಲೆ ಲಕ್ಷಾಂತರ ಜನ ಟ್ಯಾಬ್ ಹುಡುಕುತ್ತಾ ಕಣ್ಣು ಕೆಡಿಸಿಕೊಂಡಿದ್ದಾರೆ. ಹಾಗಂತ ಮೇಕ್ ಸಣ್ಣ ಸಾಧನೆ ಅಲ್ಲ. ಅದಕ್ಕಾಗಿ ಫೆಲ್ಡ್‌ಮನ್‌ರಿಗೆ 2003ರ ಎಸಿಎಂ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಬಂತು.

ಕಟ್ಟುವ ಮೊದಲು ಆರಿಸುವುದು

ಉಪ್ಸಾರಿಗೆ ಯಾವ ಕಾಳು? ಮನೆಯಲ್ಲಿ ಅವರೆ ಇದ್ದರೆ ಅವರೆ, ಇಲ್ಲದಿದ್ದರೆ ಹುರುಳಿ. ಸೌದೆ ಒಲೆಯೋ ಗ್ಯಾಸೋ? ಊಟಕ್ಕೆ ನಾಲ್ಕು ಜನವೋ ನಲವತ್ತೋ? ಇವನ್ನೆಲ್ಲ ತೀರ್ಮಾನ ಮಾಡಿದ ಮೇಲೇ ಒಲೆ ಹಚ್ಚೋದು. ತಂತ್ರಾಂಶದಲ್ಲಿ ಈ ತೀರ್ಮಾನಕ್ಕೆ ಕಾನ್ಫಿಗರೇಷನ್ ಅನ್ನುತ್ತಾರೆ. ನಾವು ‘ಹೊಂದಿಕೆ’ ಅನ್ನೋಣ. ಈ ಕಂಪ್ಯೂಟರಿನಲ್ಲಿ ಯಾವ ಪ್ರೊಸೆಸರ್ ಇದೆ? ಕ್ಯಾಮೆರಾ ಇದೆಯಾ? ಯಾವ ಲೈಬ್ರರಿ ಇದೆ, ಯಾವುದು ಇಲ್ಲ? ಉತ್ತರಕ್ಕೆ ತಕ್ಕಂತೆ ಕಟ್ಟುವ ಕೆಲಸ ಬದಲಾಗುತ್ತೆ.

ಈ ಹೊಂದಿಕೆಯನ್ನು ಬರೆಯೋಕೆ ಯಾವ ಭಾಷೆ ಬಳಸಬೇಕು ಅನ್ನೋದೇ ನಮ್ಮ ಪ್ರಶ್ನೆ. ನಾಟ್ರಾಂಪಾಳ್ಯದ ಕಡೆಯ ನಿಮಗೆ ಈ ಥರದ ಪ್ರಶ್ನೆ ಹೊಸದೇನಲ್ಲ. ಮನೇಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತಮಿಳು, ಹೊಸೂರಿನ ಕಡೆ ಹೋದರೆ ತೆಲುಗೂ ಕಿವಿಗೆ ಬೀಳುತ್ತೆ. ಅಂಗಡಿಯಲ್ಲಿ ಸಾಮಾನು ಕೇಳುವಾಗ ಯಾವ ಭಾಷೆ ಶ್ರೀಮಂತ, ಯಾವುದರಲ್ಲಿ ಕಾವ್ಯ ಜಾಸ್ತಿ ಎಂದು ಯಾರೂ ಯೋಚಿಸಲ್ಲ. ಎದುರಿಗಿರುವವನಿಗೆ ಯಾವುದು ಗೊತ್ತು ಎಂದು ನೋಡ್ತೀವಿ. ಕಟ್ಟುವ ಸಾಧನಕ್ಕೂ ಲೆಕ್ಕ ಬಹುಮಟ್ಟಿಗೆ ಅದೇ. ಬರೆಯುವವನಿಗೆ ಏನು ಇಷ್ಟ ಅನ್ನೋದು ಎರಡನೇ ಮಾತು. ಕಟ್ಟಿಸಿಕೊಳ್ಳುವ ಆ ಇನ್ನೊಂದು ಕಂಪ್ಯೂಟರಿನಲ್ಲಿ ಮೊದಲೇ ಏನಿದೆ ಅನ್ನೋದು ಮೊದಲನೇ ಮಾತು.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವರಲ್ಲಿ ಡೇವಿಡ್ ಮೆಕೆಂಜಿ ಒಬ್ಬರು. 1991ರಲ್ಲಿ ಅವರು ‘ಆಟೋಕಾನ್ಫ್’ ಎಂಬ ಸಾಧನ ಶುರುಮಾಡಿದರು. ಆ ಕಾಲದಲ್ಲಿ ಯೂನಿಕ್ಸ್ ಅನ್ನುವ ವ್ಯವಸ್ಥೆ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ ಇತ್ತು. ಎಲ್ಲದರಲ್ಲೂ ಖಂಡಿತ ಇರುತ್ತಿದ್ದ ಒಂದೇ ಭಾಷೆ ಅಂದರೆ ‘ಶೆಲ್’, ಅಂದರೆ ಕಪ್ಪು ಪರದೆಯಲ್ಲಿ ಆಜ್ಞೆ ಕೊಡುವ ಭಾಷೆ. ಅದಕ್ಕೆ ಮೆಕೆಂಜಿ ಏನು ಮಾಡಿದರು ಅಂದ್ರೆ, ತಂತ್ರಾಂಶ ಬರೆಯುವವನು ‘ಎಂ-ಫೋರ್’ ಎಂಬ ಭಾಷೆಯಲ್ಲಿ ಚಿಕ್ಕದಾಗಿ ಬರೆದರೆ, ಆಟೋಕಾನ್ಫ್ ಅದನ್ನು ಸಾವಿರಾರು ಸಾಲಿನ ಶೆಲ್ ಆಜ್ಞೆಗಳಾಗಿ ಬಿಡಿಸಿ ಕೊಡುತ್ತೆ. ಪಡೆದುಕೊಂಡವನ ಹತ್ತಿರ ಆಟೋಕಾನ್ಫೂ ಬೇಡ, ಎಂ-ಫೋರೂ ಬೇಡ. ಶೆಲ್ ಇದ್ದರೆ ಸಾಕು. ಅತ್ಯಂತ ಹಳೆಯ ಶೆಲ್‌ನಲ್ಲೂ ಓಡಲಿ ಎಂದು ಆ ಆಜ್ಞೆಗಳಲ್ಲಿ ಹೊಸ ಸೌಕರ್ಯಗಳನ್ನು ಬೇಕೆಂದೇ ಬಿಟ್ಟಿರುತ್ತಿದ್ದರು. ನನ್ನ ಲೆಕ್ಕದಲ್ಲಿ ಇದು ಬಹಳ ಜಾಣತನದ ಯೋಚನೆ. ಅದರ ಬೆಲೆ ಏನು ಅಂತ ಕೊನೆಯಲ್ಲಿ ನೋಡೋಣ, ಬೆಲೆಯೂ ದೊಡ್ಡದೇ.

ಕರ್ನೆಲ್‌ನ ಜಗಳ

ಈಗ ಮುಖ್ಯ ಕಥೆಗೆ ಬರೋಣ. ಲಿನಕ್ಸ್ ಕರ್ನೆಲ್ ಕಟ್ಟುವ ಮೊದಲು ಆರಿಸಬೇಕಾದ ವಿಷಯಗಳು ಇವತ್ತು ಹತ್ತು ಸಾವಿರಕ್ಕೂ ಹೆಚ್ಚು. 2000ನೇ ಇಸವಿಯ ಹೊತ್ತಿಗೆ ಇಷ್ಟಿರಲಿಲ್ಲ, ಆದರೂ ಸಾವಿರದ ಲೆಕ್ಕದಲ್ಲಿತ್ತು. ಪ್ರತಿಯೊಂದಕ್ಕೂ ಬಹುಮಟ್ಟಿಗೆ ಮೂರು ಉತ್ತರ: ಹೌದು, ಇಲ್ಲ, ಅಥವಾ ‘ಬೇರೆಯಾಗಿ ಇಟ್ಟುಕೋ, ಬೇಕಾದಾಗ ಜೋಡಿಸಿಕೋ’. ಈ ಮೂರನೆಯದಕ್ಕೆ ಮಾಡ್ಯೂಲ್ ಅನ್ನುತ್ತಾರೆ. ಆಯ್ಕೆಗಳ ನಡುವೆ ನಂಟು ಬೇರೆ ಇರುತ್ತೆ. ಯುಎಸ್‌ಬಿ ಬೇಡ ಅಂದವನಿಗೆ ಯುಎಸ್‌ಬಿ ಕ್ಯಾಮೆರಾ ಬೇಕಾ ಅಂತ ಕೇಳುವುದೇ ತಪ್ಪು.

ಆಗ ಇದಕ್ಕೆ ಒಂದು ಹಳೆಯ ಹೊಂದಿಕೆ ಭಾಷೆ ಇತ್ತು, ಅದನ್ನು ಓದುವ ಸಾಧನಗಳು ಮೂರು. ಒಂದು ಸಾಲು ಸಾಲಾಗಿ ಪ್ರಶ್ನೆ ಕೇಳುತ್ತಿತ್ತು, ಒಂದು ಮೆನು ತೋರಿಸುತ್ತಿತ್ತು, ಇನ್ನೊಂದು ಕಿಟಕಿ ತೆರೆದು ಗುಂಡಿ ಒತ್ತಿಸುತ್ತಿತ್ತು. ಮೊದಲೆರಡು ಶೆಲ್‌ನಲ್ಲಿ ಬರೆದವು, ಮೂರನೆಯದು ಟಿಕಲ್ ಎಂಬ ಇನ್ನೊಂದು ಭಾಷೆಯ ಆಸರೆಯಲ್ಲಿ ನಿಂತದ್ದು. ಮೂವರು ಮೇಷ್ಟ್ರು ಒಂದೇ ಪದ್ಯಕ್ಕೆ ಮೂರು ಅರ್ಥ ಹೇಳಿದ ಹಾಗೆ, ಒಂದೇ ಫೈಲಿಗೆ ಮೂರು ಸಾಧನಗಳೂ ಅಲ್ಲಲ್ಲಿ ಬೇರೆ ಬೇರೆ ಅರ್ಥ ಮಾಡಿಕೊಳ್ಳುತ್ತಿದ್ದವು. ಇದು ಕೆಟ್ಟದ್ದು ಎಂದು ಎಲ್ಲರೂ ಒಪ್ಪಿದ್ದರು.

ಸರಿಮಾಡೋಕೆ ಮುಂದೆ ಬಂದವರು ಎರಿಕ್ ರೇಮಂಡ್. ಸಾಕಷ್ಟು ಹೆಸರಿದ್ದ ಮನುಷ್ಯ. 2000ದಲ್ಲಿ ಅವರು ‘ಸಿಎಂಎಲ್-2’ ಎಂಬ ಹೊಸ ಹೊಂದಿಕೆ ಭಾಷೆ ರೂಪಿಸಿದರು. ಅದನ್ನು ಓದುವ ಸಾಧನವನ್ನು ಪೈಥಾನ್‌ನಲ್ಲಿ ಬರೆದರು. ಇಲ್ಲಿ ಸ್ವಲ್ಪ ನಿಲ್ಲಿ. ಎರಡು ಭಾಷೆ ಇದೆ ಗಮನಿಸಿದ್ರಾ? ಆಯ್ಕೆಗಳನ್ನು ಬರೆದಿಡುವ ಭಾಷೆ ಒಂದು, ಅದನ್ನು ಓದುವ ಸಾಧನವನ್ನು ಬರೆದ ಭಾಷೆ ಇನ್ನೊಂದು. ಈ ಎರಡನ್ನೂ ಬೇರೆ ಬೇರೆಯಾಗಿ ಆರಿಸಬೇಕು. ಜಗಳ ಆಡುವ ಅರ್ಧ ಜನ ಇದನ್ನು ಗೊಂದಲ ಮಾಡಿಕೊಳ್ತಾರೆ.

ಸಿಎಂಎಲ್-2 ಕೆಟ್ಟ ಕೆಲಸವೇನೂ ಆಗಿರಲಿಲ್ಲ. ಆಯ್ಕೆಗಳ ನಡುವಿನ ನಂಟನ್ನು ಅದು ತರ್ಕದಿಂದ ಬಿಡಿಸಿ, ಒಂದಕ್ಕೊಂದು ಹೊಂದದ ಉತ್ತರ ಕೊಡದ ಹಾಗೆ ತಡೆಯುತ್ತಿತ್ತು. ಇಂಥ ತರ್ಕ ಬರೆಯೋಕೆ ಪೈಥಾನ್ ಸೊಗಸಾದ ಭಾಷೆ. ಸಿ ಭಾಷೆಯಲ್ಲಿ ಹತ್ತು ಸಾಲು ಹಿಡಿಯುವುದು ಪೈಥಾನ್‌ನಲ್ಲಿ ಎರಡು ಮೂರು ಸಾಲಿನಲ್ಲಿ ಮುಗಿದುಹೋಗುತ್ತೆ. 2001ರ ಮಾರ್ಚಿನಲ್ಲಿ ಕರ್ನೆಲ್ ಬರೆಯುವವರ ಸಭೆ ಅಮೆರಿಕದ ಸ್ಯಾನ್ ಹೋಸೆಯಲ್ಲಿ ನಡೆದಾಗ ಸಿಎಂಎಲ್-2ನ್ನು ಮುಂದಿನ ಆವೃತ್ತಿಗೆ ಸೇರಿಸುವ ಮಾತೂ ಆಯಿತು.

ಆದರೆ ಸೇರಲಿಲ್ಲ. ಯಾಕೆ?

ವಿರೋಧದ ಮೊದಲ ಮಾತು ಪೈಥಾನ್ ಬಗ್ಗೆಯೇ. ಕರ್ನೆಲ್ ಅಂದರೆ ಮನೆಯ ತಳಪಾಯ. ಪೈಥಾನ್ ಅದರ ಮೇಲೆ ನಿಲ್ಲುವ ಗೋಡೆ. ತಳಪಾಯ ಹಾಕೋಕೆ ಗೋಡೆ ಮೊದಲು ಬೇಕು ಅಂದರೆ? ಹೊಸ ಪ್ರೊಸೆಸರಿಗೆ ಕರ್ನೆಲ್ ತರುವವರು, ಬರೀ ಅಗತ್ಯದ ಸಾಮಾನು ಇರುವ ಚಿಕ್ಕ ಯಂತ್ರದಲ್ಲಿ ಕೆಲಸ ಮಾಡುವವರು ಕಂಪೈಲರ್, ಶೆಲ್, ಮೇಕ್ ಈ ಮೂರನ್ನು ಹೇಗೋ ಹೊಂದಿಸಿಕೊಂಡಿರುತ್ತಾರೆ. ನಾಲ್ಕನೆಯದಾಗಿ ಪೈಥಾನ್ ತನ್ನಿ ಅಂದರೆ ಅದನ್ನು ಕಟ್ಟೋಕೆ ಬೇರೆ ಸಾಮಾನು, ಆ ಸಾಮಾನಿಗೆ ಇನ್ನೊಂದು. ಅದರ ಮೇಲೆ ಸಿಎಂಎಲ್-2ಗೆ ಪೈಥಾನ್‌ನ ಎರಡನೇ ಆವೃತ್ತಿ ಬೇಕಿತ್ತು. ಆ ಹೊತ್ತಿಗೆ ಬಹಳ ಕಂಪ್ಯೂಟರುಗಳಲ್ಲಿ ಇದ್ದದ್ದು 1.5.2. ಇವತ್ತು ನಿಮಗೆ ಇದು ತಮಾಷೆ ಅನ್ನಿಸಬಹುದು, ಪೈಥಾನ್ ಇಲ್ಲದ ಲಿನಕ್ಸ್ ಕಂಪ್ಯೂಟರ್ ಹುಡುಕುವುದೇ ಕಷ್ಟ. ಆದರೆ 2001ರಲ್ಲಿ ಅದು ನಿಜವಾದ ತೊಂದರೆ. ಇಂಟರ್ನೆಟ್ ಆಗ ಬಹಳ ಜನಕ್ಕೆ ಟೆಲಿಫೋನ್ ತಂತಿಯಲ್ಲಿ ಬರುತ್ತಿತ್ತು. ಒಂದು ದೊಡ್ಡ ಫೈಲು ಇಳಿಸೋಕೆ ಗಂಟೆಗಟ್ಟಲೆ ಕಾಯಬೇಕು. ಸಿಗ್ನಲ್ ಹಿಡಿಯೋಕೆ ಗುಡ್ಡ ಹತ್ತುವವರಿಗೆ ಆ ಕಷ್ಟ ಇವತ್ತಿಗೂ ಗೊತ್ತು.

ಎರಡನೇ ಮಾತು ನಿಧಾನದ್ದು. ಹಳೆಯ ಯಂತ್ರದಲ್ಲಿ ಸಾಧನ ಶುರುವಾಗೋಕೇ ಹೊತ್ತು ಹಿಡಿಯುತ್ತೆ ಎಂದು ದೂರು. ಮೂರನೆಯದು ಭಾಷೆಗೇ ಸಂಬಂಧಪಡದ ವಿಷಯ: ಇಡೀ ಹಳೆಯ ವ್ಯವಸ್ಥೆಯನ್ನು ಒಂದೇ ಏಟಿಗೆ ಕಿತ್ತು ಹೊಸದು ಹಾಕಬೇಕಾಗಿತ್ತು. ಸಾವಿರ ನಿಯಮಗಳನ್ನು ಒಬ್ಬರೇ ತಿರುಗಿ ಬರೆದರೆ ಎಲ್ಲಿ ಏನು ಬದಲಾಯಿತು ಅನ್ನೋದನ್ನು ಉಳಿದವರು ಪರೀಕ್ಷಿಸುವುದು ಹೇಗೆ? ಹಾಗಾಗಿ ಪೈಥಾನ್ ಬಳಸಿದ್ದಕ್ಕೇ ಸಿಎಂಎಲ್-2 ಸೋತಿತು ಅನ್ನುವುದು ಅರ್ಧ ಸತ್ಯ. 2002ರ ಮೊದಲ ತಿಂಗಳುಗಳಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ರೇಮಂಡ್ ಕೈಬಿಟ್ಟರು. ಎರಡು ವರ್ಷದ ದುಡಿಮೆ.

ಅದೇ ವರ್ಷ ರೋಮನ್ ಝಿಪ್ಪೆಲ್ ಎಂಬ ಇನ್ನೊಬ್ಬರು ಬೇರೆ ದಾರಿ ಹಿಡಿದರು. ಅವರ ಸಾಧನ ಇಡೀ ಕರ್ನೆಲ್ ಬರೆದಿರುವ ಸಿ ಭಾಷೆಯಲ್ಲೇ ಇತ್ತು. ಸಿ ಕಂಪೈಲರ್ ಇಲ್ಲದೆ ಕರ್ನೆಲ್ ಕಟ್ಟೋಕೆ ಆಗಲ್ಲ, ಅಂದಮೇಲೆ ಅದು ಎಲ್ಲರ ಹತ್ತಿರ ಇದ್ದೇ ಇರುತ್ತೆ. ಕರ್ನೆಲ್ ಕಟ್ಟುವ ಮೊದಲು ಈ ಚಿಕ್ಕ ಸಾಧನ ತನ್ನನ್ನು ತಾನೇ ಕಟ್ಟಿಕೊಂಡು, ಆಮೇಲೆ ಪ್ರಶ್ನೆ ಕೇಳೋಕೆ ಕೂರುತ್ತೆ. ಹೊಂದಿಕೆ ಫೈಲನ್ನು ಬಿಡಿಸಿ ಓದುವ ಭಾಗವನ್ನು ಬರೆಯೋಕೆ ಅವರು ‘ಫ್ಲೆಕ್ಸ್’, ‘ಬೈಸನ್’ ಎಂಬ ಸಾಧನಗಳ ಸಹಾಯ ಪಡೆದರು. ಅವು ಎಲ್ಲರ ಹತ್ತಿರ ಇರಲ್ಲವಲ್ಲ? ಅದಕ್ಕೆ ಅವು ಹುಟ್ಟಿಸಿದ ಸಿ ಫೈಲುಗಳನ್ನೇ ಜೊತೆಗೆ ಕಟ್ಟಿ ಕಳಿಸುತ್ತಿದ್ದರು. ಮೆಕೆಂಜಿಯ ಉಪಾಯವೇ ಮತ್ತೊಂದು ರೂಪದಲ್ಲಿ! ಹಳೆಯ ನಿಯಮಗಳನ್ನು ಹೊಸ ರೂಪಕ್ಕೆ ತಾನಾಗಿ ಬದಲಾಯಿಸುವ ಒಂದು ಪ್ರೋಗ್ರಾಮನ್ನೂ ಕೊಟ್ಟರು. 2002ರ ಅಕ್ಟೋಬರಿನಲ್ಲಿ, 2.5.45ನೇ ಆವೃತ್ತಿಯಲ್ಲಿ ಅದು ಕರ್ನೆಲ್ ಸೇರಿತು. ಅದರ ಹೆಸರು ‘ಕೆಕಾನ್ಫಿಗ್’. ಇವತ್ತಿಗೂ ಅದೇ ನಡೀತಿದೆ.

ಕೆಕಾನ್ಫಿಗ್ ಭಾಷೆ ಹೇಗಿರುತ್ತೆ? ಅದನ್ನೇ ಕನ್ನಡದಲ್ಲಿ ಮಾಡಿದ್ದರೆ ಹೀಗಿರುತ್ತಿತ್ತು ಅಂದುಕೊಳ್ಳಿ:

ಆಯ್ಕೆ ಯುಎಸ್‌ಬಿ_ಕ್ಯಾಮೆರಾ
 ಮೂರುತ್ತರ "ಯುಎಸ್‌ಬಿ ಕ್ಯಾಮೆರಾ ಬೇಕೇ?"
 ಆಧಾರ ಯುಎಸ್‌ಬಿ
 ಸುಮ್ಮನಿದ್ದರೆ ಇಲ್ಲ
 ನೆರವು
  ಕಂಪ್ಯೂಟರಿಗೆ ಚುಚ್ಚುವ ಕ್ಯಾಮೆರಾ ನಿಮ್ಮ ಹತ್ತಿರ ಇದ್ದರೆ ಹೌದು ಎನ್ನಿ.

ಇಲ್ಲಿ ‘ಮಾಡು’, ‘ಓಡು’, ‘ಹತ್ತು ಸಲ ತಿರುಗು’ ಅನ್ನುವ ಮಾತೇ ಇಲ್ಲ. ಏನಿದೆ, ಯಾವುದಕ್ಕೆ ಯಾವುದು ಆಧಾರ ಅನ್ನುವ ಹೇಳಿಕೆಗಳು ಮಾತ್ರ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಓದಬಹುದು. ಆದರೆ ಇದರಲ್ಲೂ ಒಂದು ಮುಳ್ಳಿದೆ. ‘ಇದನ್ನು ಆರಿಸಿದರೆ ಅದನ್ನೂ ಬಲವಂತವಾಗಿ ಹೌದು ಮಾಡು’ ಎಂಬ ಒಂದು ಆಜ್ಞೆ ಕೆಕಾನ್ಫಿಗ್‌ನಲ್ಲಿದೆ. ಹಾಗೆ ಬಲವಂತ ಮಾಡುವಾಗ ‘ಅದಕ್ಕೆ’ ಏನು ಆಧಾರ ಬೇಕು ಎಂದು ಅದು ಸರಿಯಾಗಿ ನೋಡಲ್ಲ. ಛಾವಣಿ ಬೇಕು ಅಂದ, ಗೋಡೆ ಇದೆಯಾ ಕೇಳಲಿಲ್ಲ! ಈಗ ಅಂಥ ಕಡೆ ಎಚ್ಚರಿಕೆ ಕೊಡುತ್ತೆ, ತಡೆಯಲ್ಲ. ರೇಮಂಡ್ ಅವರ ತರ್ಕದ ಯಂತ್ರ ಇಂಥ ಕಡೆ ಜಾಸ್ತಿ ಅಚ್ಚುಕಟ್ಟಾಗಿತ್ತು ಎಂದು ನನಗೆ ಅನ್ನಿಸುತ್ತೆ. ಗೆದ್ದದ್ದೆಲ್ಲ ಎಲ್ಲ ವಿಷಯದಲ್ಲೂ ಮೇಲು ಅಂತ ಏನಿಲ್ಲ.

ಹೊರಗಿನ ಭಾಷೆಯ ಮೇಲೆ ಒರಗಬಾರದು ಎಂಬ ಹಠ ಕರ್ನೆಲ್ ಕಟ್ಟುವವರಲ್ಲಿ ಆಮೇಲೂ ಇತ್ತು. ಪರ್ಲ್ ಎಂಬ ಭಾಷೆಯಲ್ಲಿ ಬರೆದ, ಸಮಯದ ಸ್ಥಿರಾಂಕಗಳನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ಒಂದು ಕರ್ನೆಲ್ ಜೊತೆ ಇತ್ತು. ಅದೊಂದಕ್ಕಾಗಿ ಪರ್ಲ್ ಯಾಕೆ ಬೇಕು ಎಂದು ವರ್ಷಗಟ್ಟಲೆ ವಾದ ನಡೆದು, 2013ರಲ್ಲಿ ಅದನ್ನು ‘ಬಿಸಿ’ ಎಂಬ ಹಳೇ ಕಾಲದ ಲೆಕ್ಕದ ಭಾಷೆಗೆ ಬದಲಾಯಿಸಿದರು.

ಶಕ್ತಿ ಜಾಸ್ತಿಯಾದರೆ ಒಳ್ಳೆಯದೇ?

ನೀವು ಕೇಳಬಹುದು: ಆಯ್ಕೆಗಳನ್ನು ಬರೆದಿಡೋಕೆ ಬಡ ಭಾಷೆ ಯಾಕೆ, ಪೂರ್ತಿ ಶಕ್ತಿಯ ಪೈಥಾನ್ನೇ ಬಳಸಬಾರದಾ? ಹಾಗೆ ಮಾಡಿದವರೂ ಇದ್ದಾರೆ. ‘ಎಸ್‌ಕಾನ್ಸ್’ ಎಂಬ ಸಾಧನದಲ್ಲಿ ಕಟ್ಟುವ ನಿಯಮದ ಫೈಲೇ ಪೈಥಾನ್ ಪ್ರೋಗ್ರಾಂ. ಕೆಸ್ಟಾರ್ಸ್ ಎಂಬ ಆಕಾಶ ನೋಡುವ ತಂತ್ರಾಂಶ ಕೇಳಿದ್ದೀರಾ? ಅದನ್ನು ಮಾಡಿದ ಕೆಡಿಇ ಸಮುದಾಯ ತನ್ನ ನಾಲ್ಕನೇ ಆವೃತ್ತಿಗೆ 2005ರಲ್ಲಿ ಎಸ್‌ಕಾನ್ಸ್ ಆರಿಸಿತು. ತನ್ನ ಅಳತೆಯ ಕೆಲಸಕ್ಕೆ ಅದು ಸರಿಹೊಂದದೆ 2006ರಲ್ಲಿ ‘ಸಿಮೇಕ್’ ಕಡೆಗೆ ತಿರುಗಿತು. ಸಿಮೇಕ್‌ನ ಸಾಧನ ಸಿ++ನಲ್ಲಿದೆ, ನಿಯಮ ಬರೆಯುವ ಭಾಷೆ ಅದರದ್ದೇ ಸ್ವಂತದ್ದು. ಆ ಭಾಷೆ ಅಂದವಾಗಿದೆ ಎಂದು ಅದನ್ನು ಬಳಸುವವರೂ ಹೇಳುವುದು ಕಡಿಮೆ. ಆದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಕೆಲಸ ಆಗುತ್ತೆ, ಸಿ++ ಕಂಪೈಲರ್ ಬಿಟ್ಟು ಬೇರೇನೂ ಹೆಚ್ಚು ಕೇಳಲ್ಲ.

ಪೂರ್ತಿ ಶಕ್ತಿಯ ಭಾಷೆಯಲ್ಲಿ ಇನ್ನೊಂದು ಆಳವಾದ ತೊಂದರೆ ಇದೆ. ಅಲನ್ ಟ್ಯೂರಿಂಗ್ 1936ರಲ್ಲಿ ಒಂದು ವಿಷಯ ಸಾಬೀತು ಮಾಡಿದರು. ಯಾವ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೂ ನಿಲ್ಲುತ್ತೋ ಇಲ್ಲವೋ ಎಂದು ತಪ್ಪದೆ ಹೇಳುವ ಒಂದು ಸಾಮಾನ್ಯ ವಿಧಾನ ಇರಲು ಸಾಧ್ಯವೇ ಇಲ್ಲ. ಇದಕ್ಕೂ ನಮಗೂ ಏನು ಸಂಬಂಧ? ಹೊಂದಿಕೆಯ ಫೈಲು ಪೂರ್ತಿ ಪ್ರೋಗ್ರಾಂ ಆದರೆ, ಅದು ಏನು ಮಾಡುತ್ತೆ ಎಂದು ತಿಳಿಯೋಕೆ ಅದನ್ನು ಓಡಿಸಿಯೇ ನೋಡಬೇಕಾಗುತ್ತೆ. ಓಡಿಸಿದಾಗ ಅದು ನಿಮ್ಮ ಕಡತ ಅಳಿಸಬಹುದು, ಎಲ್ಲಿಗೋ ಸಂದೇಶ ಕಳಿಸಬಹುದು, ನಿಲ್ಲದೆ ಸುತ್ತಬಹುದು. ಅದಕ್ಕೇ ಕೆಲವರು ಬೇಕೆಂದೇ ಭಾಷೆಯ ಕೈಕಾಲು ಕಟ್ಟಿದ್ದಾರೆ. 2012ರಲ್ಲಿ ಯುಸ್ಸಿ ಪಕ್ಕಾನೆನ್ ಶುರುಮಾಡಿದ ‘ಮೆಸನ್’ ಸಾಧನವನ್ನು ಬರೆದಿರುವುದು ಪೈಥಾನ್‌ನಲ್ಲೇ. ಆದರೆ ನಿಯಮ ಬರೆಯುವವರಿಗೆ ಪೈಥಾನ್ ಕೊಡಲಿಲ್ಲ, ಮಿತಿ ಇರುವ ಬೇರೆ ಭಾಷೆ ಕೊಟ್ಟರು. ಗೂಗಲ್‌ನವರ ‘ಬೇಜಲ್’ ಸಾಧನದ ‘ಸ್ಟಾರ್‌ಲಾರ್ಕ್’ ಭಾಷೆ ನೋಡೋಕೆ ಪೈಥಾನ್ ಥರಾನೇ ಇದೆ. ಆದರೆ ನೀವು ಕಲಿಯುವ ‘ವೈಲ್’ ಆವರ್ತನೆ ಅದರಲ್ಲಿಲ್ಲ, ಒಂದು ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ಹಾಗೂ ಇಲ್ಲ. ಹಾಗಾಗಿ ಅದರಲ್ಲಿ ಬರೆದದ್ದು ಎಂದಾದರೂ ಮುಗಿದೇ ಮುಗಿಯುತ್ತೆ.

ಇದು ಬರೀ ಪುಸ್ತಕದ ಭಯ ಅಲ್ಲ. ಆಟೋಕಾನ್ಫ್‌ನ ಬೆಲೆ ಏನು ಎಂದು ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ, ಅದು ಇಲ್ಲಿದೆ. ‘ಎಕ್ಸ್‌ಝಡ್’ ಎಂಬುದು ಫೈಲುಗಳನ್ನು ಹಿಂಡಿ ಚಿಕ್ಕದು ಮಾಡುವ ತಂತ್ರಾಂಶ, ಲಿನಕ್ಸ್ ಕಂಪ್ಯೂಟರುಗಳಲ್ಲಿ ಎಲ್ಲ ಕಡೆ ಇರುತ್ತೆ. 2024ರಲ್ಲಿ ಅದರ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಯಾರೋ ಒಂದು ಹಿಂಬಾಗಿಲು ಇಟ್ಟಿದ್ದರು. ದೂರದಿಂದ ಕಂಪ್ಯೂಟರ್ ಒಳಗೆ ನುಗ್ಗುವ ಕಳ್ಳಬಾಗಿಲು. ಅದರ ಸಾಮಾನನ್ನು ಪರೀಕ್ಷೆಗೆ ಇಟ್ಟ ಫೈಲುಗಳ ಒಳಗೆ ಬಚ್ಚಿಟ್ಟಿದ್ದರು. ಅದನ್ನು ಎಬ್ಬಿಸುವ ಸಾಲುಗಳು ಎಲ್ಲಿದ್ದವು ಗೊತ್ತಾ? ಹೊಂದಿಕೆಯ ಎಂ-ಫೋರ್ ಫೈಲಿನಲ್ಲಿ. ಎಲ್ಲರೂ ನೋಡುವ ಮೂಲ ಕಡತದಲ್ಲಿ ಆ ಸಾಲುಗಳು ಇರಲೇ ಇಲ್ಲ, ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ಆ ಗಂಟನ್ನು ಬಿಚ್ಚಿ ನೋಡಿದವರಿಗೂ ಅನುಮಾನ ಬರೋದು ಕಷ್ಟ, ಯಾಕೆಂದರೆ ಎಂ-ಫೋರೂ ಶೆಲ್ಲೂ ಬೆರೆತ ಆ ಬರಹ ಯಾವಾಗಲೂ ಹಾಗೇ ಗೋಜಲಾಗಿರುತ್ತೆ. ಸಾಮಾನ್ಯವಾಗಿ ಅದನ್ನು ಯಾರೂ ಓದಲ್ಲ. ಯಾರೂ ಓದದ ಭಾಷೆಯಲ್ಲಿ ಕಳ್ಳನಿಗೆ ಜಾಗ ಚೆನ್ನಾಗಿ ಸಿಗುತ್ತೆ.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಅವರು ಕಳ್ಳನನ್ನು ಹುಡುಕುತ್ತಾ ಇರಲಿಲ್ಲ. ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗೋಕೆ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ಹಿಡೀತಾ ಇತ್ತು. ಅದೇಕೆ ಎಂದು ಬಿಡದೆ ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಅರ್ಧ ಸೆಕೆಂಡ್! ಪ್ರಯೋಗದಲ್ಲಿ ಬಂದ ಅಳತೆ ಲೆಕ್ಕಕ್ಕೆ ಸರಿಹೋಗದಿದ್ದರೆ ‘ಅಂದಾಜು ಸರಿ’ ಅಂತ ತಿದ್ದಿ ಬರೆಯುವ ಅಭ್ಯಾಸ ಇರುವವರು ಇದನ್ನು ಇನ್ನೊಂದು ಸಲ ಓದಿ.

ಹಾಗಾದರೆ ಇವತ್ತು ನೀವೇ ಒಂದು ಕಟ್ಟುವ ಸಾಧನ ಮಾಡಬೇಕು ಅಂದರೆ ಯಾವ ಭಾಷೆ? ನಾನಾಗಿದ್ದರೆ ಶಾಲೆಯ ಕೆಲಸಕ್ಕೆ ಪೈಥಾನ್ ಅನ್ನುತ್ತೇನೆ. ಲ್ಯಾಬಿನಲ್ಲಿ ಅದು ಇದೆ, ಮಕ್ಕಳಿಗೆ ಗೊತ್ತಿದೆ, ಮುಂದಿನ ವರ್ಷ ಬರುವವರೂ ಓದಿ ತಿದ್ದಬಹುದು. ಆದರೆ ಆಯ್ಕೆಗಳನ್ನು ಪೈಥಾನ್ ಒಳಗೆ ಬೆರೆಸದೆ, ‘ಹೆಸರು – ಉತ್ತರ’ ಎಂದು ಬೇರೆ ಫೈಲಿನಲ್ಲಿ ಇಡಿಸುತ್ತೇನೆ. ಹೊಸ ಯಂತ್ರಕ್ಕೆ ತಳದಿಂದ ಕಟ್ಟುವವನಿಗೆ ಈ ಉತ್ತರ ಸರಿಹೋಗಲ್ಲ, ಅವನಿಗೆ ಸಿ ಅಥವಾ ಶೆಲ್ಲೇ ಬೇಕು. ತಮಾಷೆ ನೋಡಿ, ‘ಜೆಫಿರ್’ ಎಂಬ ಚಿಕ್ಕ ಸಾಧನಗಳ ಕಾರ್ಯವ್ಯವಸ್ಥೆ ಅದೇ ಕೆಕಾನ್ಫಿಗ್ ಭಾಷೆಯನ್ನು ಬಳಸುತ್ತೆ. ಅದನ್ನು ಓದುವ ಅದರ ಸಾಧನ ಮಾತ್ರ ಪೈಥಾನ್‌ನಲ್ಲಿದೆ. 2002ರಲ್ಲಿ ಆಗದಿದ್ದದ್ದು ಈಗ ಆಯಿತು. ಯಾಕೆಂದರೆ ಜೆಫಿರ್ ಕಟ್ಟುವವನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪೈಥಾನ್ ಈಗ ಮೊದಲೇ ಇರುತ್ತೆ.

12ನೇ ತರಗತಿಯವರು ಆ ಪಾಠದ ಪ್ರೋಗ್ರಾಮನ್ನು ಸ್ವಲ್ಪ ಬೆಳೆಸಿ ನೋಡಿ. ಈಗ ಅದು ಪ್ರತಿ ಸಲವೂ ಸಿ++ ಫೈಲನ್ನು ಮತ್ತೆ ಕಂಪೈಲ್ ಮಾಡುತ್ತೆ. ಪೈಥಾನ್‌ನಲ್ಲಿ ಒಂದು ಫೈಲನ್ನು ಕೊನೆಯ ಸಲ ತಿದ್ದಿದ ಸಮಯ ತಿಳಿಯುವ ಫಂಕ್ಷನ್ ಇದೆ. ಸಿ++ ಫೈಲು, ಅದರಿಂದ ಹುಟ್ಟಿದ ಪ್ರೋಗ್ರಾಂ ಎರಡರ ಸಮಯವನ್ನೂ ಹೋಲಿಸಿ, ಬೇಕಾದಾಗ ಮಾತ್ರ ಕಂಪೈಲ್ ಮಾಡುವ ಹಾಗೆ ಒಂದು ‘ಇಫ್’ ಸೇರಿಸಿ. ಫೆಲ್ಡ್‌ಮನ್ 1976ರಲ್ಲಿ ಮಾಡಿದ್ದರ ತಿರುಳು ನಿಮ್ಮ ಕೈಗೆ ಬರುತ್ತೆ, ಟ್ಯಾಬ್‌ನ ಕಾಟ ಇಲ್ಲದೆ.

ಕೆಳಗಿನ ತರಗತಿಯವರಿಗೂ ನೋಡೋಕೆ ಒಂದು ಇದೆ. 2011ರಿಂದ ತಮಿಳುನಾಡು ಸರ್ಕಾರ ಹಂಚಿದ ಲ್ಯಾಪ್‌ಟಾಪುಗಳ ಮೊದಲ ಕಂತುಗಳಲ್ಲಿ ವಿಂಡೋಸ್ ಜೊತೆಗೆ ‘ಬಾಸ್’ ಎಂಬ ಲಿನಕ್ಸೂ ಇತ್ತು. ಚೆನ್ನೈನ ಸಿ-ಡ್ಯಾಕ್‌ನವರು ಡೆಬಿಯನ್ ಆಧಾರದ ಮೇಲೆ ಮಾಡಿದ್ದು. ಅಂಥದೊಂದು ಹಳೇ ಲ್ಯಾಪ್‌ಟಾಪ್ ಇದ್ದರೆ, ಅಥವಾ ಉಬುಂಟು, ಡೆಬಿಯನ್ ಇರುವ ಯಾವ ಕಂಪ್ಯೂಟರಾದರೂ ಸರಿ, ‘ಬೂಟ್’ ಎಂಬ ಫೋಲ್ಡರ್ ತೆರೆಯಿರಿ. ‘ಕಾನ್ಫಿಗ್’ ಎಂದು ಶುರುವಾಗುವ ಒಂದು ಫೈಲು ಇರುತ್ತೆ. ಓದೋದು ಮಾತ್ರ, ತಿದ್ದಬೇಡಿ. ಸಾವಿರಾರು ಸಾಲುಗಳು, ಪ್ರತಿ ಸಾಲಿನ ಕೊನೆಯಲ್ಲಿ ಇಂಗ್ಲಿಷಿನ ‘ವೈ’ ಅಥವಾ ‘ಎಂ’ ಅಕ್ಷರ, ಕೆಲವು ಕಡೆ ಸಂಖ್ಯೆ, ಬೇಡ ಅಂದದ್ದರ ಮುಂದೆ ಒಂದು ಹ್ಯಾಷ್ ಗುರುತು. ನಿಮ್ಮ ಕಂಪ್ಯೂಟರಿನ ಕರ್ನೆಲ್ ಕಟ್ಟುವಾಗ ಯಾರೋ ಕೊಟ್ಟ ಉತ್ತರಗಳು ಅವು. ಅದರಲ್ಲಿ ಯುಎಸ್‌ಬಿ ವಿಡಿಯೋ ಅನ್ನುವ ಸಾಲು ಹುಡುಕಿ, ಕ್ಯಾಮೆರಾಗೆ ಏನು ಉತ್ತರ ಕೊಟ್ಟಿದ್ದಾರೆ ಎಂದು ನೋಡಿ. ಬಹಳ ಮಟ್ಟಿಗೆ ‘ಎಂ’ ಇರುತ್ತೆ: ಬೇರೆಯಾಗಿ ಇಟ್ಟುಕೋ, ಬೇಕಾದಾಗ ಜೋಡಿಸಿಕೋ.